ಇಂಗ್ಲಿಷಿನಲ್ಲಿ ಅಪ್ಪನ ಹೆಸರು

ಕಿಟಾಲೆ
12 ಫೆಬ್ರವರಿ 1996

ಅಕ್ಕ ನಪೆಯೊಕ್‌ಗೆ,

ನಾನು ಆರಾಮ. ನೀನು ಆರಾಮವಿಲ್ಲವೆಂದು ನೀನು ಬರೆಯದೆಯೇ ಗೊತ್ತು. ಯಾವತ್ತಾದರೂ ಆರಾಮ ಇದ್ದದ್ದುಂಟೇ? ಈ ಪತ್ರವನ್ನು ಸೋದರಮಾವನೆದುರು ಗಟ್ಟಿಯಾಗಿ ಓದುವ ಮುಂಚೆ ನೀನೊಬ್ಬಳೇ ಒಮ್ಮೆ ಓದಿಕೋ.

ಇಲ್ಲಿ ಶಾಲೆಯೊಂದರ ಗೇಟು ಕಾಯುವ ಕೆಲಸ ಸಿಕ್ಕಿದೆ. ದೊಡ್ಡಿಯ ಬಾಗಿಲಲ್ಲಿ ಹುಟ್ಟಿದವನೆಂದು ಎಕಿಡೋರ್ ಎಂದು ಹೆಸರಿಟ್ಟರಲ್ಲ, ಕೊನೆಗೂ ಬಾಗಿಲೇ ಗತಿಯಾಯಿತು. ಅಡುಗೆಯ ವಾಂಜಾಲ ದಿನಾ ಇದನ್ನೇ ಹೇಳಿ ನಗುತ್ತಾನೆ.

ನನ್ನ ಗುಡಿಸಲಿನ ಹಿಂದಿನ ಗೋಡೆಯಾಚೆಗೆ ಆರನೇ ಕ್ಲಾಸು. ನೆಕೆಸಾ ಎಂಬ ಟೀಚರು ಇಂಗ್ಲಿಷ್ ಕಲಿಸುತ್ತಾರೆ. ಪುಸ್ತಕದ ಜಾನ್, ಮೇರಿಯರನ್ನು ಕಂಡರೆ ಅವರಿಗಾಗದು. "ಜಾನ್ ಅಂದ್ರೆ ಯಾರು, ನಿಮ್ಮ ಚಿಕ್ಕಪ್ಪನಾ? ನಿಮ್ಮ ನಿಮ್ಮ ಹೆಸರು ಹಾಕಿ ಹೇಳಿ!" ಎಂದು ಗದರುತ್ತಾರೆ. ಒಂದು ಹೆಸರಿಗೆ ಮೂರು ವಾಕ್ಯ. ಆಗಿಹೋದದ್ದು, ಆಗುತ್ತಿರುವುದು, ಮುಂದೆ ಆಗುವುದು. ಒಬ್ಬರು ಹೇಳಿದ್ದನ್ನು ಇಡೀ ಕ್ಲಾಸು ಒಟ್ಟಿಗೆ ಕೂಗುತ್ತದೆ. ಗೋಡೆಗೆ ಒರಗಿ ನಾನೂ ಬಾಯಾಡಿಸುತ್ತೇನೆ. ಪುಕ್ಕಟೆ ಶಾಲೆ.

ಮೊನ್ನೆ ಗುರುವಾರ ಅವರು ಕೂಗಿದ್ದನ್ನು ಹಾಗೆಯೇ ಬರೆಯುತ್ತೇನೆ.

ಲೊಪೆರಿಚಾನ್ ಕಿಲ್ಡ್ ಎ ಗೋಟ್.
ಲೊಪೆರಿಚಾನ್ ಈಸ್ ಕಿಲ್ಲಿಂಗ್ ಎ ಗೋಟ್.
ಲೊಪೆರಿಚಾನ್ ವಿಲ್ ಕಿಲ್ ಎ ಗೋಟ್.

ಅಕ್ಕ, ಆಡು ಕೊಂದ, ಕೊಲ್ಲುತ್ತಿದ್ದಾನೆ, ಕೊಲ್ಲುತ್ತಾನೆ. ಆದರೆ ಹೆಸರು? ಅದು ಅಜ್ಜಿ ತನ್ನ ಬಾಯಲ್ಲೇ ಕಟ್ಟಿದ ಹೆಸರು. ಅಪ್ಪನ ಮುಂಚೆ ಯಾರಿಗೂ ಇರಲಿಲ್ಲ, ಆಮೇಲೂ ಇಲ್ಲ. ಅಪ್ಪ ಬಾವಿಗುಂಡಿಯ ಹತ್ತಿರ ಸತ್ತ ದಿನದಿಂದ ನಮ್ಮ ಮನೆಯಲ್ಲಿ ಅದನ್ನು ಯಾರೂ ಗಟ್ಟಿಯಾಗಿ ಆಡಿಲ್ಲ. ಇಲ್ಲಿ ನಲವತ್ತು ಮಕ್ಕಳು ಒಂದೇ ಗಂಟಲಲ್ಲಿ ಕೂಗಿದರು.

ಕೊಂದವನು ಸತ್ತವನ ಹೆಸರು ಎತ್ತಿಕೊಂಡು ಹೋಗುತ್ತಾನೆ ಎಂದು ಮಾವ ಹೇಳುತ್ತಿದ್ದುದು ನೆನಪಿದೆಯಾ? ನಮ್ಮ ತುರ್ಕಾನಾದವರೂ ಎತ್ತಿಕೊಳ್ಳುತ್ತಾರೆ, ನಮ್ಮ ವೈರಿಗಳಾದ ಪೊಕೊಟರೂ ಎತ್ತಿಕೊಳ್ಳುತ್ತಾರೆ. ಅಪ್ಪನಿಗೆ ಗುಂಡು ಹೊಡೆದ ಪೊಕೊಟ್ ಆ ಹೆಸರನ್ನು ಹೊತ್ತುಕೊಂಡು ಹೋಗಿ ತನ್ನ ಮಗನಿಗೆ ಕೊಟ್ಟಿದ್ದಾನೆ. ಬೇರೆ ದಾರಿಯಲ್ಲಿ ಅದು ಇಲ್ಲಿಗೆ ಬರಲು ಸಾಧ್ಯವೇ ಇಲ್ಲ. ಅಂದು ಮಾವ ಸೇಡಿಗೆಂದು ಅವರ ಹೆಂಗಸೊಬ್ಬಳನ್ನು ಕೊಂದು, ಆ ಗುರುತಿಗೆ ಎಡಭುಜದ ಮೇಲೆ ಗೆರೆ ಕೊಯ್ಯಿಸಿಕೊಂಡ. ಹೊಡೆದವನು ಮಾತ್ರ ತಪ್ಪಿಸಿಕೊಂಡ. ಈಗ ಅವನ ಸುಳಿವು ತಾನಾಗಿ ನನ್ನ ಗೇಟಿಗೆ ಬಂದಿದೆ.

ಏನು ಮಾಡಲಿ ಹೇಳು. ಮಾವನನ್ನೂ ಕೇಳು.

ನಿನ್ನ ತಮ್ಮ,
ಎಕಿಡೋರ್


ಕೈನುಕ್
25 ಫೆಬ್ರವರಿ 1996

ತಮ್ಮ ಎಕಿಡೋರ್‌ಗೆ,

ನಿನ್ನ ಪತ್ರ ಬಂದಂದಿನಿಂದ ಅನ್ನ ಸೇರುತ್ತಿಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಸುಟ್ಟುಹೋದವಳು ನಾನು, ನನ್ನ ಬರಹ ನಿನಗೆ ಅರ್ಥವಾಗುತ್ತದೋ ಇಲ್ಲವೋ, ಅದೂ ಒಂದು ಚಿಂತೆ. ಅರ್ಥವಾಗದಿದ್ದರೆ ಎರಡು ಸಲ ಓದು. ಏನೂ ಮಾಡಬೇಡ. ಇದೊಂದು ಅರ್ಥವಾದರೆ ಸಾಕು. ಏನೂ ಮಾಡಬೇಡ.

ಮೊದಲನೆಯದು, ನಿನ್ನ ಬಲಗಿವಿ ಚಿಕ್ಕಂದಿನಲ್ಲಿ ಸೋರುತ್ತಿತ್ತು. ಗೋಡೆಯಾಚೆಯ ಗದ್ದಲದಲ್ಲಿ ನೀನೇನು ಕೇಳಿದೆಯೋ. ಎರಡನೆಯದು, ಹೆಸರು ಅದೇ ಆಗಿದ್ದರೂ ಆಗಿರಲಿ, ಜಗತ್ತು ದೊಡ್ಡದು, ಇನ್ನೊಬ್ಬ ಅಜ್ಜಿ ಇನ್ನೊಂದು ಕಡೆ ಕಟ್ಟಿರಬಹುದು. ಮೂರನೆಯದು, ನೀನು ಯಾರಿಗಾದರೂ ಏನಾದರೂ ಮಾಡಿದರೆ ನೈವಾಶಾ ಜೈಲಿನಲ್ಲಿ ಕೊಳೆಯುತ್ತೀಯ, ಇಲ್ಲ ನೇಣು. ಆಮೇಲೆ ನನಗೆ ಯಾರಿದ್ದಾರೆ? ಮಕ್ಕಳಾಗಲಿಲ್ಲವೆಂದು ಗಂಡ ವಾಪಸು ಕಳಿಸಿದ್ದಾನೆ, ಅವ್ವ ಇಲ್ಲ, ನೀನೊಬ್ಬ.

ಒಂದು ಎಡವಟ್ಟಾಯಿತು. ನೀನು ಒಬ್ಬಳೇ ಓದು ಎಂದಿದ್ದೆ. ಆದರೆ ಲಾರಿಯ ಎಕುವಾಮ್ ಪತ್ರವನ್ನು ನೇರವಾಗಿ ಮಾವನ ಕೈಗೇ ಕೊಟ್ಟ. ಮಾವ ಊಟಕ್ಕೆ ಕೂತಿದ್ದ. "ಓದೇ, ಏನಂತೆ ನಿನ್ನ ದೊರೆಮಗಂದು?" ಎಂದ. ಮುಂದೇನಿದೆಯೆಂದು ಗೊತ್ತಿಲ್ಲದೆ ಓದುತ್ತ ಹೋದೆ. ಹೆಸರು ನನ್ನ ಬಾಯಿಂದ ಜಾರಿಬಿಟ್ಟಿತು.

ಮಾವನ ಕೈ ತಟ್ಟೆಯಲ್ಲೇ ನಿಂತಿತು. "ಏನಂದೆ?"

"ಏನಿಲ್ಲ ಮಾವ, ಇಂಗ್ಲಿಷು. ಆಡು ಕೊಯ್ಯೋ ಪಾಠ ಅಂತೆ."

"ಇಂಗ್ಲಿಷು ನಂಗೂ ಕೇಳಿಸ್ತದೆ. ಹೆಸರು ಯಾವ ಭಾಷೆಯಲ್ಲಿದ್ರೂ ಹೆಸರೇ. ಯಾರ ಮಗ ಅಂತೆ?"

"ಗೊತ್ತಿಲ್ಲ ಅಂತ ಬರ್ದಿದ್ದಾನೆ."

ಮಿಕ್ಕದ್ದನ್ನು ಓದದೆ, ಅವನಿಗೆ ಜ್ವರ ಬಂದಿತ್ತಂತೆ, ಕಂಬಳಿ ಕೇಳಿದ್ದಾನೆ ಎಂದು ಬಾಯಿಗೆ ಬಂದದ್ದನ್ನು ಸೇರಿಸಿದೆ. ಮಾವ ಊಟ ಬಿಟ್ಟು ಎದ್ದ. ಅತ್ತೆ, "ಯಾಕೆ, ಉಪ್ಪು ಜಾಸ್ತಿಯಾಯ್ತಾ?" ಎಂದಳು. ಆ ದಿನವಿಡೀ ಎಡಭುಜ ಉಜ್ಜಿಕೊಳ್ಳುತ್ತ ಕೂತಿದ್ದ. ಕೊಯ್ಯಿಸಿಕೊಂಡ ಗೆರೆಗಳು ಹಳೆಯವಾದರೂ ತುರಿಸುತ್ತವೆಯಂತೆ.

ಅಷ್ಟೇ. ಬೇರೇನೂ ಹೇಳಲಿಲ್ಲ. ಏನು ಮಾಡಬೇಕೆಂದು ನೀನು ಕೇಳಿದ್ದಕ್ಕೆ ನಾನೇ ಹೇಳುತ್ತಿದ್ದೇನಲ್ಲ. ಬೇರೆ ಕಡೆ ಕೆಲಸ ಹುಡುಕು. ಎಲ್ಡೊರೆಟ್‌ಗೆ ಹೋಗು. ಹತ್ತಿ ಇದ್ದರೆ ಎರಡೂ ಕಿವಿಗೆ ಇಟ್ಟುಕೋ.

ನಿನ್ನ ಅಕ್ಕ,
ನಪೆಯೊಕ್


ಕಿಟಾಲೆ
10 ಮಾರ್ಚ್ 1996

ಅಕ್ಕ,

ನಿನ್ನ ಪತ್ರ ಓದಿ ಸಿಟ್ಟು ಬಂದಿತ್ತು. ಅಪ್ಪನ ಸಾವಿಗಿಂತ ನನ್ನ ಕಿವಿ ಇವಳಿಗೆ ದೊಡ್ಡದಾಯಿತಲ್ಲ ಎಂದು ಅದನ್ನು ಒಲೆಗೆ ಹಾಕಿದೆ. ಐದು ದಿನದ ಮೇಲೆ ಎಕುವಾಮ್ ಮತ್ತೆ ಬಂದ. ಚಿಂದಿಬಟ್ಟೆಯ ಗಂಟೊಂದನ್ನು ನನ್ನ ಮಡಿಲಿಗೆ ಹಾಕಿ, "ಮನೆಯಿಂದ" ಎಂದಷ್ಟೇ ಹೇಳಿ ಗೇರು ಹಾಕಿದ. ಬಿಚ್ಚಿದರೆ ಅಪ್ಪನ ಬಳೆಕತ್ತಿ! ಅಂಚಿಗೆ ತೊಗಲು ಹೊಲಿದದ್ದು ಹಾಗೆಯೇ ಇದೆ. ತೊಗಲು ಬಿಚ್ಚಿ ಬಳೆಯಂತೆ ಮುಂಗೈಗೆ ಏರಿಸಿದೆ. ಎಂಟು ವರ್ಷದವನಿದ್ದಾಗ ಮೊಣಕೈವರೆಗೂ ಜಾರುತ್ತಿತ್ತು, ಈಗ ಅಳತೆ ತೆಗೆದು ಮಾಡಿಸಿದಂತೆ ಕೂತಿದೆ.

ಪತ್ರದಲ್ಲಿ ಬೇಡ ಎಂದು ಬರೆದು, ಹಿಂದೆಯೇ ಕತ್ತಿ ಕಳಿಸಿದ್ದೀಯ. ಪತ್ರ ಯಾರ ಕೈಗಾದರೂ ಸಿಕ್ಕೀತೆಂದು ಹಾಗೆ ಬರೆದೆ, ಅಲ್ಲವಾ? ನನಗೆ ಅರ್ಥವಾಯಿತು. ನಿನ್ನನ್ನು ಹೆದರುಪುಕ್ಕಲಿ ಎಂದುಕೊಂಡಿದ್ದಕ್ಕೆ ನಾಚಿಕೆಯಾಗುತ್ತದೆ.

ವಾಂಜಾಲನನ್ನು ಉಪಾಯವಾಗಿ ಕೇಳಿದೆ. "ಓ, ಅದಾ? ಸೀಗೋರ್ ಕಡೇದು, ಪೊಕೊಟ್. ಓಡೋಕೆ ಬಿಟ್ರೆ ಗಾಳಿ. ತಟ್ಟೆ ಕಾಲಿಯಾದ್ರೂ ಎದ್ದು ಹೋಗಲ್ಲ, ಎಷ್ಟು ಹಾಕಿದ್ರೂ ಹಸಿವಿಲ್ಲ ಅಂತ್ಲೇ ತಿಂತದೆ" ಎಂದು ನಕ್ಕ. ನಾನೂ ನಕ್ಕೆ.

ಮಗುವಿನ ತಂಟೆ ನನಗೆ ಬೇಡ. ಅದರ ಅಪ್ಪನೇ ಬೇಕು. 24ನೇ ತಾರೀಕು ಭಾನುವಾರ ಹೆತ್ತವರು ಭೇಟಿಗೆ ಬರುತ್ತಾರೆ. ಇಲ್ಲಿಯ ಪದ್ಧತಿ ಏನೆಂದರೆ, ಬಂದವರು ಗೇಟಿನ ಕಿಂಡಿಯಲ್ಲಿ ತಮ್ಮ ಮಗುವಿನ ಹೆಸರು ಹೇಳಬೇಕು. ಕಾವಲಿನವನು ಒಳಮುಖವಾಗಿ ತಿರುಗಿ, "ಇಂಥವರೇ, ನಿನ್ನವರು ಬಂದಿದ್ದಾರೆ!" ಎಂದು ಕೂಗಬೇಕು. ಅಂದರೆ ಆ ಮನುಷ್ಯ ತಾನಾಗಿ ನಡೆದು ಬಂದು, ನನ್ನ ಮುಖ ನೋಡಿ, ಅಪ್ಪನ ಹೆಸರನ್ನು ತನ್ನ ಬಾಯಿಂದಲೇ ನನಗೆ ಒಪ್ಪಿಸುತ್ತಾನೆ. ಆಮೇಲೆ ಕೂಗುವುದೇನಿದೆ? ಕಿಂಡಿ ಕುತ್ತಿಗೆಯ ಎತ್ತರಕ್ಕೇ ಇದೆ.

ಈ ಸಲ ನಿದ್ದೆಗೆಡಬೇಡ.

ಎಕಿಡೋರ್


ಕೈನುಕ್
17 ಮಾರ್ಚ್ 1996

ಎಕಿಡೋರ್, ಎಕಿಡೋರ್,

ಕತ್ತಿ ನಾನು ಕಳಿಸಲಿಲ್ಲ. ನಾನಲ್ಲ. ನನ್ನ ಮಾತಿನ ಹಿಂದೆ ಬೇರೆ ಮಾತು ಇರುವುದಿಲ್ಲ ಕಣೋ, ಬೇಡ ಎಂದರೆ ಬೇಡ. ನಿನ್ನ ಪತ್ರ ಓದಿ ಚಾವಣಿಯ ಗಳಕ್ಕೆ ಕೈ ಹಾಕಿ ನೋಡಿದರೆ ಬಳೆಕತ್ತಿ ಇಲ್ಲ. ಅತ್ತೆಯನ್ನು ಕೇಳಿದೆ. "ನಿಮ್ಮ ಮಾವ ಎಕುವಾಮ್ ಕೈಲಿ ಏನೋ ಕೊಟ್ಟರಪ್ಪ, ತಂಬಾಕು ಅಂದ್ರು" ಎಂದಳು.

ಕಳೆದ ಪತ್ರದಲ್ಲಿ ಮಾವ ಏನೂ ಹೇಳಲಿಲ್ಲ ಎಂದು ಬರೆದಿದ್ದೆ. ಹೇಳಿದ್ದ. "ಬರಿ ಅವನಿಗೆ. ಆ ಮನೆಯಲ್ಲಿ ಯಾರನ್ನೂ ಉಳಿಸಬೇಡ ಅಂತ ಬರಿ. ಹೆತ್ತವಳನ್ನ ಮೊದ್ಲು" ಎಂದಿದ್ದ. ಅದನ್ನು ಹೇಗೆ ಬರೆಯಲಿ? ಬರೆದೆ ಎಂದು ಸುಳ್ಳು ಹೇಳಿದೆ. ಅವನು ನಂಬಲಿಲ್ಲವೆಂದು ಕಾಣುತ್ತದೆ.

ತಮ್ಮ, ಬಂದವರು ಯಾರೇ ಆಗಲಿ, ಕೈ ಎತ್ತುವ ಮುಂಚೆ ಬಳೆಕತ್ತಿಯನ್ನು ಅವರಿಗೆ ತೋರಿಸು. ತೋರಿಸಿ ಸುಮ್ಮನಿರು. ಅವರೇನು ಹೇಳುತ್ತಾರೋ ಕೇಳು. ಯಾಕೆಂದು ಕೇಳಬೇಡ, ಬರೆಯಲು ಕೈ ಬರುತ್ತಿಲ್ಲ. ಬರೆದದ್ದನ್ನು ಮಾವ ಬೇರೆಯವರ ಕೈಲಿ ಓದಿಸಿದರೆ? ಎಕುವಾಮ್ ಮರೆತರೆ? ಮಳೆ ಬಂದರೆ? ತೋರಿಸು, ಅಷ್ಟೇ.

21 ಮಾರ್ಚ್. ಇದೇ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಎಕುವಾಮ್ ಅರ್ಧದಾರಿಯಿಂದ ವಾಪಸು ಬಂದ. ಕಣಿವೆಯ ಹತ್ತಿರ ಮುಂದಿದ್ದ ಲಾರಿಗೆ ಬೆಂಕಿ ಹಾಕಿದ್ದಾರೆ, ಇಬ್ಬರು ಒಳಗೇ ಕರಕಲಾಗಿದ್ದಾರೆ. ಪೊಲೀಸರು ದಾರಿ ಮುಚ್ಚಿದ್ದಾರೆ. ಪತ್ರ ನನ್ನ ಕೈಯಲ್ಲೇ ಇದೆ. ನಡೆದು ಹೋಗುತ್ತೇನೆ ಎಂದೆ, ಅತ್ತೆ ಸೆರಗು ಹಿಡಿದು ಕೂರಿಸಿದಳು. ಭಾನುವಾರಕ್ಕೆ ಇನ್ನೆಷ್ಟು ಹೊತ್ತಿದೆ? ನನಗೆ ಅತ್ತು ಅತ್ತು ಕಣ್ಣು ಕಾಣುತ್ತಿಲ್ಲ.


ಕಿಟಾಲೆ
25 ಮಾರ್ಚ್ 1996

ಅಕ್ಕ,

ಯಾರೂ ಸತ್ತಿಲ್ಲ. ಇದನ್ನು ಮೊದಲು ಬರೆಯುತ್ತೇನೆ, ಇಲ್ಲದಿದ್ದರೆ ಮುಂದಿನದ್ದನ್ನು ನೀನು ಓದಲಾರೆ.

ಅವನು ಬರಲಿಲ್ಲ. ಒಬ್ಬ ಹೆಂಗಸು ಬಂದಳು. ಹೆಗಲಲ್ಲಿ ಹುಳಿಹಾಲಿನ ಸೋರೆಬುರುಡೆ, ಎಡಗೈಯಲ್ಲಿ ಎರಡು ಬೆರಳಿಲ್ಲ. ಕಿಂಡಿಯಲ್ಲಿ ಬಾಗಿದಳು.

"ಯಾರನ್ನ ನೋಡ್ಬೇಕು?"

"ಲೊಪೆರಿಚಾನ್‌ನ."

ದೇವರನ್ನು ಕರೆದಂತೆ ಮೆಲ್ಲಗೆ ಕರೆದಳು. ನನಗೆ ಅದೇ ತಡೆಯಲಾಗಲಿಲ್ಲ. ಚಿಕ್ಕ ಬಾಗಿಲು ತೆಗೆದು, ಕುತ್ತಿಗೆ ಹಿಡಿದು ಗುಡಿಸಲೊಳಕ್ಕೆ ಎಳೆದೆ. ಬುರುಡೆ ಉರುಳಿತು. "ನಿನ್ನ ಗಂಡ ಎಲ್ಲಿ?" ಎಂದೆ.

"ಮಣ್ಣಲ್ಲಿ. ಕೆಮ್ಮು ಬಂದು ಹೋದ. ಯಾಕಪ್ಪಾ, ನಿಂಗೇನಾಗಬೇಕಿತ್ತು?"

ನನ್ನ ಸೇಡು ಕೆಮ್ಮಿ ಸತ್ತುಹೋಗಿದೆ ಎಂದು ಕೇಳಿ ಹುಚ್ಚು ಹಿಡಿಯಿತು. ಅವಳ ತಲೆಯನ್ನು ಗೋಡೆಗೆ ಬಡಿದೆ. ಒಮ್ಮೆಯಲ್ಲ. ಹಣೆ ಒಡೆದು ರಕ್ತ ನನ್ನ ಕೈಮೇಲೆಲ್ಲ ಇಳಿಯಿತು. ಬಳೆಕತ್ತಿಯ ಅಂಚನ್ನು ಗಂಟಲಿಗೆ ಒತ್ತಿದೆ, ಚರ್ಮ ಬಿರಿಯಿತು. "ಈ ಹೆಸರನ್ನ ಯಾರನ್ನ ಕೊಂದು ತಂದ್ರಿ? ಹೇಳು!"

ಅವಳು ಕಿರುಚಲಿಲ್ಲ. ಕಣ್ಣು ಕೆಳಗೆ ಮಾಡಿ ನನ್ನ ಮುಂಗೈ ನೋಡಿದಳು. ಆಮೇಲೆ ನಮ್ಮ ಭಾಷೆಯಲ್ಲಿ, ತಡವರಿಸುತ್ತ ಹೇಳಿದಳು. "ಈ ಬಳೆ... ಇದರ ಬಾಯಿ ಒಂದ್ಕಡೆ ಮುಕ್ಕಾಗಿರ್ಬೇಕು. ಒಳಗಡೆ ನೋಡು."

ತಿರುಗಿಸಿ ನೋಡಿದೆ. ಮುಕ್ಕಾಗಿತ್ತು.

"ಕರುಳಬಳ್ಳಿ ಕೊಯ್ವಾಗ ಕಲ್ಲಿಗೆ ತಾಗಿ ಮುಕ್ಕಾಯ್ತು. ಕೊಯ್ದದ್ದು ಒಬ್ಬ ಹುಡುಗಿ. ಒಂದು ಕೈಲಿ ನನ್ನ ಬಾಯಿ ಮುಚ್ಚಿ, ಅಳ್ಬೇಡ, ಅಳ್ಬೇಡ ಅಂತ ತಾನೇ ಅಳ್ತಿದ್ಲು."

ನನ್ನ ಕೈ ಸಡಿಲವಾಯಿತು. ಅವಳು ಕುಸಿದು ಕೂತು ಹೇಳಿದಳು. ಹೆಸರು ಚೆಪೊಸೆರಾ. ಬರಗಾಲದ ವರ್ಷ, ಎರಡೂ ಕಡೆಯವರು ಒಂದೇ ಒಣನದಿಯಲ್ಲಿ ಗುಂಡಿ ತೋಡಿ ನೀರು ಸೇದುತ್ತಿದ್ದ ಕಾಲ. ತುಂಬು ಬಸುರಿ. ಗುಂಡು ಹಾರತೊಡಗಿದಾಗ ಅವಳಿಗೆ ನೋವು ಶುರುವಾಗಿತ್ತು, ಓಡಲಾಗಲಿಲ್ಲ. ಒಬ್ಬ ತುರ್ಕಾನಾ ಗಂಡಸು ಅವಳನ್ನು ತಾನು ತೋಡಿದ ಗುಂಡಿಗೆ ಇಳಿಸಿ, ತನ್ನ ಮಗಳನ್ನೂ ಬಳೆಕತ್ತಿಯನ್ನೂ ಕೊಟ್ಟು, ಮೇಲೆ ಅಡ್ಡ ನಿಂತ. ಇನ್ನೊಬ್ಬ ಬಂದೂಕು ಹಿಡಿದು ಬಂದ. ಗುಂಡಿಯೊಳಗೆ ಎಲ್ಲ ಕೇಳಿಸುತ್ತಿತ್ತು. "ಭಾವ, ಪಕ್ಕಕ್ಕೆ ಸರಿ. ಆ ಪೊಕೊಟ್ ಹೆಣ್ಣನ್ನ ನಂಗೆ ಬಿಡು." "ಹೆರ್ತಾ ಇದ್ದಾಳೆ ಕಣೋ, ಹೋಗೋ ಆಚೆ." "ಭಾವ, ಸರಿ ಅಂದೆ." ಆಮೇಲೆ ಶಬ್ದ. ಅಡ್ಡ ನಿಂತವನು ಗುಂಡಿಯ ಬಾಯಿಗೆ ಬಿದ್ದ. ಅವನ ರಕ್ತ ಬಿಸಿಬಿಸಿಯಾಗಿ ಅವಳ ಹೊಟ್ಟೆಯ ಮೇಲೆ ಸುರಿಯಿತಂತೆ. ಅವನ ದೇಹದ ಪಕ್ಕದಿಂದ ಮತ್ತೊಂದು ಗುಂಡು ಒಳಕ್ಕೆ ಬಂತು, ಎರಡು ಬೆರಳು ಹೋದವು. ಸತ್ತಳೆಂದು ಅವನು ಹೊರಟುಹೋದ. ಮಗು ಹುಟ್ಟಿತು.

ಅವರಲ್ಲಿ ಮಗುವಿನ ಮುಂದೆ ಹಿರಿಯರ ಹೆಸರು ಕರೆಯುತ್ತಾರಂತೆ. ಯಾವ ಹೆಸರಿಗೆ ಮಗು ಸೀನುತ್ತದೋ ಆ ಹೆಸರು. ಅವಳ ತಾಯಿ ಸತ್ತ ಹಿರಿಯರನ್ನೆಲ್ಲ ಕರೆದು ಸುಸ್ತಾದಳು, ಮಗು ಸೀನಲಿಲ್ಲ. ಕೊನೆಗೆ ಚೆಪೊಸೆರಾಳೇ, ಗುಂಡಿಯಲ್ಲಿ ಆ ಹುಡುಗಿ ತನ್ನಪ್ಪನದೆಂದು ಹೇಳಿಕೊಟ್ಟ ಹೆಸರು ಕರೆದಳು. ಸೀನಿತು.

ಅಷ್ಟರಲ್ಲಿ ಬಾಗಿಲಲ್ಲಿ ನೆರಳಾಯಿತು. "ಅಮ್ಮಾ?" ಎಂದಳು. ಲೊಪೆರಿಚಾನ್ ಹೆಣ್ಣು ಮಗು, ಅಕ್ಕ. ನೀಲಿ ಲಂಗ, ಬೋಳಿಸಿದ ತಲೆ. ಕೊಂದು ತಂದ ಹೆಸರನ್ನು ಯಾವ ಮೂರ್ಖನೂ ಹೆಣ್ಣಿಗೆ ಇಡುವುದಿಲ್ಲ, ಅಷ್ಟು ನನಗೂ ಗೊತ್ತು. ತಾಯಿಯ ರಕ್ತ ನೋಡಿದವಳೇ ಹಾರಿ ನನ್ನ ಕೈಗೆ ಹಲ್ಲು ಹಾಕಿದಳು, ಮೂಳೆ ಮುಟ್ಟುವಂತೆ. ಚೆಪೊಸೆರಾ ಅವಳನ್ನು ಎಳೆದುಕೊಂಡು, "ಬಿಡೇ, ನಾನೇ ಜಾರಿ ಬಿದ್ದೆ. ಇವ್ನು ಎತ್ತಿದ" ಎಂದಳು.

ನಮ್ಮ ಅಪ್ಪನನ್ನು ಭಾವ ಎಂದು ಕರೆಯುತ್ತಿದ್ದವನು ಜಗತ್ತಿನಲ್ಲಿ ಒಬ್ಬನೇ. ನಿನ್ನನ್ನು ಎರಡೇ ಮಾತು ಕೇಳುತ್ತೇನೆ. ಗುಂಡಿಯಲ್ಲಿದ್ದ ಹುಡುಗಿ ಯಾರು? ಹನ್ನೆರಡು ವರ್ಷ ನಾನು ಯಾರ ಕೈಯ ಅನ್ನ ತಿಂದೆ?

ದಾರಿ ತೆರೆದ ಕೂಡಲೇ ಬರುತ್ತೇನೆ. ಮಾವನಿಗೆ ಹೇಳಬೇಡ. ಬಳೆ ಕೈಯಲ್ಲೇ ಇದೆ.

ಎಕಿಡೋರ್


ಕೈನುಕ್
3 ಏಪ್ರಿಲ್ 1996

ತಮ್ಮ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಹುಡುಗಿ ನಾನೇ. ನಿನಗೆ ಆಗ ಎಂಟು ವರ್ಷ. ಹೇಳಿದ್ದರೆ ನೀನು ಮನುಷ್ಯನಾಗಿ ಬೆಳೆಯುತ್ತಿರಲಿಲ್ಲ, ಭರ್ಜಿಯಾಗಿ ಬೆಳೆಯುತ್ತಿದ್ದೆ. ಅವ್ವ ಹಾಸಿಗೆ ಹಿಡಿದಿದ್ದಳು. ಹಾಲು ಕೊಡುವ ಒಂಟೆಗಳೆಲ್ಲ ಮಾವನವು. ಅವನು ಸತ್ತರೆ ನಾವೂ ಸಾಯುತ್ತಿದ್ದೆವು. ನೀನು ಇಷ್ಟೆತ್ತರ ಆಗಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡೆ. ನೀನು ಅಷ್ಟೆತ್ತರ ಆದೆ. ಇನ್ನೂ ಸ್ವಲ್ಪ ಆಗಲಿ ಎಂದುಕೊಂಡೆ. ದಿನಾ ಅವನ ತಟ್ಟೆಗೆ ಬಡಿಸುವಾಗ ನನ್ನ ಕೈ ನಡುಗುತ್ತಿತ್ತು. "ಏನೇ, ಮುದುಕಿ ಹಂಗೆ ನಡುಗ್ತೀಯ" ಎಂದು ಅವನೇ ನಗುತ್ತಿದ್ದ. ನಾನು ಗುಂಡಿಯಲ್ಲಿದ್ದದ್ದು ಅವನಿಗೆ ಗೊತ್ತಿರಲಿಲ್ಲ.

ಈಗ ಗೊತ್ತು. ಮೊನ್ನೆ ನಿನ್ನ ಪತ್ರ ಬಂದಾಗ ಎಂದಿನಂತೆ "ಓದೇ" ಎಂದ. ಜ್ವರ ಎನ್ನಲೋ, ಕಂಬಳಿ ಎನ್ನಲೋ ಎಂದು ಬಾಯಿ ತೆರೆದೆ. ಯಾಕೋ ಗೊತ್ತಿಲ್ಲ, ಇದ್ದದ್ದನ್ನು ಇದ್ದಂತೆ ಓದಿದೆ. ಮೊದಲ ಸಲ. ಅತ್ತೆ ಒಲೆಯ ಮುಂದಿದ್ದಳು. "ಭಾವ, ಪಕ್ಕಕ್ಕೆ ಸರಿ" ಎಂಬಲ್ಲಿಗೆ ಬಂದಾಗ ಅವಳು ತಿರುವುತ್ತಿದ್ದ ಕೈ ನಿಲ್ಲಿಸಿದಳು.

ಮಾವ ಎದ್ದು ನಿಂತ. "ಗುಂಡಿಯಲ್ಲಿ ನೀನಿದ್ಯಾ?"

"ಇದ್ದೆ."

"ಇಷ್ಟು ವರ್ಷ ನನ್ನ ಮುಖ ನೋಡ್ತಾ ಇದ್ಯಾ?"

"ನೋಡ್ತಾ ಇದ್ದೆ ಮಾವ."

ದನ ಹೊಡೆಯುವ ಕೋಲು ಎತ್ತಿದ. ತಲೆಗೆ ಬೀಳಬೇಕಿತ್ತು, ಕೈ ಅಡ್ಡ ಕೊಟ್ಟೆ. ಒಣಕಟ್ಟಿಗೆ ಮುರಿದಂತೆ ಕೇಳಿಸಿತು. ಬಿದ್ದ ಮೇಲೂ ಹೊಡೆದ. ಬೆನ್ನಿಗೆ, ಸೊಂಟಕ್ಕೆ, ಕಾಲಿಗೆ. ಅತ್ತೆ ನನ್ನ ಮೇಲೆ ಅಡ್ಡ ಬಿದ್ದಳು, ಅವಳಿಗೂ ಬಿತ್ತು. ಸುಸ್ತಾದ ಮೇಲೆ ನಿಲ್ಲಿಸಿದ. ಅಂದಿನಿಂದ ಬಂದೂಕು ತೊಡೆಯ ಮೇಲಿಟ್ಟುಕೊಂಡು ದೊಡ್ಡಿಯ ಬಾಗಿಲಲ್ಲಿ ಕೂತಿದ್ದಾನೆ. ನಿನಗಾಗಿಯೇ.

ನೀನು ಬರಬೇಡ. ಬಂದರೆ ಯಾವುದಾದರೂ ಒಂದು ಹೆಣ ಬೀಳುತ್ತದೆ, ಎರಡೂ ನಮ್ಮ ಮನೆಯವೇ. ಇದು ಬಂದೂಕಿನಿಂದ ಮುಗಿಯುವುದಲ್ಲ. ಮಾವನ ಎಡಭುಜದ ಮೇಲೆ ಕೊರೆದಿರುವುದು ಚೆಪೊಸೆರಾಳ ಸಾವು. ಆ ಗೆರೆಗಳ ಮೇಲೆ ಅವನ ಮಾನ ನಿಂತಿದೆ, ಹಿರಿಯರ ಜೊತೆ ಮರದಡಿ ಕೂರುವ ಹಕ್ಕು ನಿಂತಿದೆ. ಅವಳೇ ನಡೆದು ಬಂದರೆ...

ಅಯ್ಯೋ, ಬರೆದುಬಿಟ್ಟೆ. ಬೇಡ. ಅವಳನ್ನು ಕರೆಯಬೇಡ. ಇನ್ನೊಂದು ಸಲ ಅವಳಿಗೆ ಗುಂಡು ಬಿದ್ದರೆ ನಾನು ಯಾವ ಗುಂಡಿಯಲ್ಲಿ ಅಡಗಲಿ? ಈ ಸಾಲು ಹೊಡೆದುಹಾಕೋಣವೆಂದರೆ ಎಡಗೈಗೆ ಅದೂ ಬರುತ್ತಿಲ್ಲ.

ನಪೆಯೊಕ್


ಕೈನುಕ್
24 ಏಪ್ರಿಲ್ 1996

ತಮ್ಮ,

ನೀನು ಪತ್ರ ಬರೆಯದೆ ಅವರನ್ನೇ ಕಳಿಸಿದೆ. ಬುದ್ಧಿ ಇದೆಯಾ ನಿನಗೆ? ಹೇಳಿ ಕಳಿಸಿದ್ದರೆ ನಾನು ಹೆದರಿ ತಡೆಯುತ್ತಿದ್ದೆ, ಅದಕ್ಕೇ ಹೇಳಲಿಲ್ಲ ಎಂದು ಎಕುವಾಮ್ ಹಲ್ಲು ಬಿಟ್ಟ.

ಶನಿವಾರ ಮಧ್ಯಾಹ್ನ ಲಾರಿ ನಿಂತಿತು. ಮೊದಲು ಚೆಪೊಸೆರಾ ಇಳಿದಳು, ಬೆನ್ನಿಗೆ ಹಾಲಿನ ಬುರುಡೆ. ಹಣೆಯ ಮೇಲೆ ನೀನು ಮಾಡಿದ ಗಾಯ ಇನ್ನೂ ಹಸಿ. ಹಿಂದೆ ಆ ಮಗು, ಶಾಲೆಯ ಲಂಗದಲ್ಲೇ. ಅಂಗಳಕ್ಕೆ ಜನ ಸೇರಿದರು. ಹಿರಿಯ ಲೊಮುರಿಯಾ ಕೂಡ ತನ್ನ ಮಣೆ ಹಿಡಿದುಕೊಂಡು ಬಂದ.

ಮಾವ ಕೂತಲ್ಲಿಂದಲೇ ಬಂದೂಕು ಎತ್ತಿದ. "ನಿಲ್ಲಿ ಅಲ್ಲೇ. ಯಾರದು?"

ನಮ್ಮ ದೊಡ್ಡಿಗೆ ಯಾರು ಬಂದರೂ ಬಾಗಿಲಲ್ಲಿ ಹೆಸರು ಹೇಳಬೇಕಲ್ಲ. ಮಗುವಿಗೆ ನಮ್ಮ ಭಾಷೆ ಬಾರದು. ಕೇಳಿದ ದನಿಯಿಂದಲೇ ಏನೋ ಊಹಿಸಿಕೊಂಡು, ಟೀಚರು ಎಬ್ಬಿಸಿ ನಿಲ್ಲಿಸಿದಂತೆ ಕೈ ಪಕ್ಕಕ್ಕೆ ಬಿಟ್ಟು, ಗಟ್ಟಿಯಾಗಿ ಹೇಳಿತು.

"ಮೈ ನೇಮ್ ಈಸ್ ಲೊಪೆರಿಚಾನ್."

ಹನ್ನೆರಡು ವರ್ಷದ ಮೇಲೆ ನಮ್ಮ ಅಂಗಳದಲ್ಲಿ ಆ ಹೆಸರು. ಮುದುಕಿಯರು ಬಾಯಿ ಮುಚ್ಚಿಕೊಂಡರು. ಮಾವನ ಮುಖ ಬೂದಿಯಂತಾಯಿತು. ಸತ್ತವನೇ ಬಂದು ಹೆಸರು ಹೇಳಿದನೆಂದುಕೊಂಡನೋ ಏನೋ, ಗುಂಡು ಹಾರಿಸಿಬಿಟ್ಟ.

ಚೆಪೊಸೆರಾ ಅಷ್ಟರಲ್ಲಿ ಮಗುವನ್ನು ಅಪ್ಪಿ, ಬೆನ್ನು ಅವನ ಕಡೆ ಮಾಡಿ ತಿರುಗಿದ್ದಳು. ಬುರುಡೆ ಒಡೆದು ಹಾಲು ಚಿಮ್ಮಿತು, ಅದರ ಹಿಂದೆಯೇ ಕೆಂಪು. ನಾನು ಕಿರುಚಿದೆ. ಗುಂಡು ಬುರುಡೆ ದಾಟಿ ಅವಳ ಪಕ್ಕೆಯ ಚರ್ಮ ಸೀಳಿಕೊಂಡು ಹೋಗಿತ್ತು. ಮಾವ ಇನ್ನೊಂದು ಗುಂಡು ತುಂಬುತ್ತಿದ್ದ. ಅತ್ತೆ ಒನಕೆ ತಂದಿದ್ದು ನಾನು ನೋಡಲೇ ಇಲ್ಲ. ಅವನ ಬಲ ಮಣಿಕಟ್ಟಿನ ಮೇಲೆ ಬಿಟ್ಟಳು, ಜೋಳ ಕುಟ್ಟುವ ಅದೇ ಲಯದಲ್ಲಿ, ಎರಡು ಸಲ. ಮಾವ ಪ್ರಾಣಿಯಂತೆ ಕೂಗಿದ. ಕೈ ತಿರುಚಿಕೊಂಡು ಜೋತುಬಿತ್ತು.

"ಇದು ನಪೆಯೊಕ್ ಕೈಗೆ" ಎಂದಳು ಅತ್ತೆ. ಒನಕೆ ಕೆಳಗಿಡಲಿಲ್ಲ.

ಚೆಪೊಸೆರಾ ಪಕ್ಕೆ ಒತ್ತಿ ಹಿಡಿದು ಅವನೆದುರು ಹೋಗಿ ಕುಕ್ಕರುಗಾಲಲ್ಲಿ ಕೂತಳು. ಬೆರಳಿಲ್ಲದ ಎಡಗೈಯನ್ನು ಅವನ ಎಡಭುಜದ ಗೆರೆಗಳ ಮೇಲೆ ಇಟ್ಟಳು.

"ನೀನು ಸತ್ತಿದ್ದೆ" ಎಂದ ಮಾವ.

"ಇಲ್ಲ. ನಿಮ್ಮ ಭಾವ ಅಡ್ಡ ಬಂದ್ರು."

ಲೊಮುರಿಯಾ ಎಲ್ಲರೆದುರು ಮಾವನನ್ನು ಕೇಳಿದ. "ಎಸೆಕೊನ್, ಈ ಗೆರೆ ಯಾರದ್ದು?" ಮತ್ತೆ ಕೇಳಿದ. ಮಾವ ಮುಖ ತಿರುಗಿಸಿದ. ಮುದುಕ ಎದ್ದು ತನ್ನ ಮಣೆ ಎತ್ತಿಕೊಂಡು, ಮಾವನಿಗೆ ಬೆನ್ನು ಹಾಕಿ ಹೊರಟ. ಒಬ್ಬೊಬ್ಬರೇ ಹಾಗೆಯೇ ತಿರುಗಿದರು. ಯಾರೂ ಬೈಯಲಿಲ್ಲ, ಯಾರೂ ಕಲ್ಲೆಸೆಯಲಿಲ್ಲ. ತನ್ನವನನ್ನೇ ಕೊಂದು, ಬದುಕಿರುವವಳ ಸಾವನ್ನು ಮೈಮೇಲೆ ಬರೆಸಿಕೊಂಡವನಿಗೆ ಇನ್ನು ಯಾವ ಬೆಂಕಿಯ ಪಕ್ಕದಲ್ಲೂ ಜಾಗವಿಲ್ಲ. ಅವನು ಬಂದೂಕು ಅಲ್ಲೇ ಬಿಟ್ಟು, ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು, ಕರಿಗಲ್ಲಿನ ಬಯಲಿನ ಕಡೆ ನಡೆದುಹೋದ. ಇನ್ನೂ ಬಂದಿಲ್ಲ.

ನನಗೆ ಈಗ ಅದೊಂದು ಚಿಂತೆ. ನೀರಿನ ಬುರುಡೆ ಒಯ್ಯಲಿಲ್ಲ. ಆ ಕಡೆ ನೆರಳೂ ಇಲ್ಲ. ಹೀಗೆ ಬರೆದದ್ದಕ್ಕೆ ನೀನು ಸಿಟ್ಟಾಗುತ್ತೀಯ, ಆಗು. ದಿನಾ ಬಡಿಸಿದ ಕೈ ಇದು, ಇದಕ್ಕೇನು ಗೊತ್ತು?

ಚೆಪೊಸೆರಾಳ ಗಾಯ ಮಾಯುತ್ತಿದೆ. ಮಗು ನನ್ನ ಮುರಿದ ಕೈಯನ್ನು ಬಗ್ಗಿ ಬಗ್ಗಿ ನೋಡಿ, ತಾಯಿಯ ಬಾಯಲ್ಲಿ ಏನೋ ಕೇಳಿಸಿತು. "ಇದೇ ಕೈಯಲ್ಲಾ ನನ್ನ ಕೊಯ್ದಿದ್ದು ಅಂತ ಕೇಳ್ತಾಳೆ" ಎಂದಳು ಚೆಪೊಸೆರಾ. ಇದೇ ಕೈ ಎಂದೆ.

ಬಳೆಕತ್ತಿ ತೆಗೆದಿಡು. ಅಂಚಿಗೆ ತೊಗಲು ಹೊಲಿದು ಇಡು. ಹೊಲಿಯುವಾಗ ಬೆರಳು ಜೋಪಾನ.

ಅಕ್ಕ


ಕಿಟಾಲೆ
26 ಮೇ 1996

ಅಕ್ಕ,

ತೊಗಲು ಹೊಲಿದಿದ್ದೇನೆ. ಬೆರಳಿಗೆ ಏನೂ ಆಗಲಿಲ್ಲ. ಮಾವನ ವಿಷಯ ನೀನು ಬರೆದದ್ದಕ್ಕೆ ಸಿಟ್ಟು ಬಂತು. ಆಮೇಲೆ ನನಗೂ ಅನ್ನ ಇಳಿಯಲಿಲ್ಲ. ಅದನ್ನು ಇಲ್ಲಿಗೇ ಬಿಡೋಣ.

ಇವತ್ತು ಮತ್ತೆ ಭೇಟಿಯ ಭಾನುವಾರ. ಪಕ್ಕೆ ಇನ್ನೂ ಎಳೆಯುತ್ತದೆಂದು ಚೆಪೊಸೆರಾ ಬರಲಿಲ್ಲ. ಮಧ್ಯಾಹ್ನದವರೆಗೂ ಬಂದವರ ಮಕ್ಕಳನ್ನೆಲ್ಲ ಕೂಗಿ ಕರೆದೆ. ಕೊನೆಯವರೂ ಒಳಗೆ ಹೋದ ಮೇಲೆ ಗೇಟಿಗೆ ಬೀಗ ಹಾಕಿ, ಒಳಮುಖವಾಗಿ ನಿಂತು, ಎದೆ ತುಂಬ ಉಸಿರು ತೆಗೆದುಕೊಂಡು ಕೂಗಿದೆ.

"ಲೊಪೆರಿಚಾನ್! ನಿನ್ನವರು ಬಂದಿದ್ದಾರೆ!"

ವಾಂಜಾಲ ಅಡುಗೆಮನೆಯಿಂದ ತಲೆ ಹೊರಹಾಕಿ, "ಏನೋ ಗಂಟಲು, ಬೆಟ್ಟ ಬಿದ್ದಂಗೆ!" ಎಂದ.

ಓಡಿ ಬಂದಳು. ಗೇಟಿನಾಚೆ ನೋಡಿದಳು, ರಸ್ತೆ ನೋಡಿದಳು. "ಯಾರು? ಎಲ್ಲಿ?" ಎಂದಳು ಸ್ವಾಹಿಲಿಯಲ್ಲಿ. ನಾನು ಹೋಗಿ ಭೇಟಿಗೆ ಬಂದವರು ಕೂರುವ ಬೆಂಚಿನ ಮೇಲೆ ಕೂತೆ. ಕಾಗದದ ಪೊಟ್ಟಣ ಬಿಚ್ಚಿ ಪಕ್ಕಕ್ಕಿಟ್ಟೆ, ಕೆಂಡದಲ್ಲಿ ಸುಟ್ಟ ಎರಡು ಜೋಳದ ತೆನೆ. ಬಹಳ ಹೊತ್ತು ನಿಂತೇ ಇದ್ದಳು. ನನ್ನ ಕೈಮೇಲೆ ಅವಳ ಹಲ್ಲಿನ ಗುರುತಿದೆ, ಅದನ್ನೇ ನೋಡುತ್ತಿದ್ದಳು. ಆಮೇಲೆ ಬೆಂಚಿನ ಆ ತುದಿಯಲ್ಲಿ, ಓಡಿಹೋಗಲು ಬರುವಷ್ಟು ದೂರದಲ್ಲಿ ಕೂತಳು. ಮೊದಲ ತೆನೆ ಒಂದು ಕಾಳೂ ಬಿಡದೆ ಮುಗಿಯಿತು.

ಅಕ್ಕನಿಗೆ ಪತ್ರ ಬರೆಯುತ್ತೇನೆ, ನಿನ್ನ ಹೆಸರು ಹಾಕಿ ಒಂದು ಇಂಗ್ಲಿಷ್ ವಾಕ್ಯ ಹೇಳು, ಕಳಿಸುತ್ತೇನೆ ಎಂದೆ. ನನ್ನ ಕಡೆ ತಿರುಗದೆಯೇ ಹೇಳಿದಳು.

"ಲೊಪೆರಿಚಾನ್ ಈಸ್ ನಾಟ್ ಹಂಗ್ರಿ."

ಹಸಿವಿಲ್ಲವಂತೆ. ಹಾಗೆಂದು ಎರಡನೆಯ ತೆನೆಗೆ ಕೈ ಹಾಕಿದಳು.

ಎಕಿಡೋರ್